ಅಕ್ಕನ ಲ್ಯಾಪ್‌ಟಾಪ್ ಆಡಿದ ಮಾತು

ನಮ್ಮೂರಿನಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಅಕ್ಕಿ ತೀರುವುದಿಲ್ಲ, ಅದೂ ಹೆಚ್ಚುತ್ತದೆ. ಬಾಗಿಲನ್ನು ಮುಂದೆ ಮಾಡುತ್ತೇವೆ, ದೀಪವನ್ನು ಶಾಂತ ಮಾಡುತ್ತೇವೆ. ಬೇರೆ ಊರುಗಳಲ್ಲೂ ಹೀಗೆ ಮಾತಾಡುವವರಿದ್ದಾರೆ, ಆದರೆ ಅವರಿಗೆ ಅದು ಹಿರಿಯರು ಕಲಿಸಿದ ನಯ. ತಪ್ಪಿದರೆ ಅಜ್ಜಿ ಒಮ್ಮೆ ಗದರುತ್ತಾಳೆ, ಅಷ್ಟೆ. ನಮ್ಮಲ್ಲಿ ವಸ್ತುಗಳು ಕೇಳಿಸಿಕೊಳ್ಳುತ್ತವೆ. ಬಾಯಿಗೆ ಯಾವುದು ಹತ್ತಿರವಿದೆಯೋ ಅದು ಮಾತನ್ನು ಎತ್ತಿಕೊಳ್ಳುತ್ತದೆ. ಮೇಲಿನಕೇರಿಯ ತೋಟಪ್ಪನವರು ಒಂದು ಸಲ ಸೊಪ್ಪಿನ ಮಡಿಗೆ ನುಗ್ಗಿದ ಎಮ್ಮೆಗೆ "ಹಾಳಾಗಿ ಹೋಗು" ಎಂದು ಕೂಗಿಬಿಟ್ಟರು. ಎಮ್ಮೆಗೆ ಏನೂ ಆಗಲಿಲ್ಲ. ಉಸಿರಿರುವುದಕ್ಕೆ ಮಾತು ತಾಗುವುದಿಲ್ಲ, ಅದಕ್ಕೆ ದೇವರು ಬೇರೆ ಏರ್ಪಾಡು ಮಾಡಿದ್ದಾನೆ. ಹೋದದ್ದು ತೋಟಪ್ಪನವರ ಹಲ್ಲಿನ ಸೆಟ್ಟು. ಬಾಯಿಗೆ ಅದಕ್ಕಿಂತ ಹತ್ತಿರ ಇನ್ನೇನಿತ್ತು. ಯಾರ ಬಾಯಿಂದ ಹೋಯಿತೋ ಅದೇ ಬಾಯಿ "ಬಂತು" ಅಂದರೆ ವಸ್ತು ಮರಳುತ್ತದೆ, ಇನ್ನೊಬ್ಬರ ಬಾಯಿ ನಡೆಯುವುದಿಲ್ಲ. ಹಲ್ಲಿಲ್ಲದ ಬಾಯಲ್ಲಿ ಅವರು ಆ ಮಾತನ್ನು ಸರಿಯಾಗಿ ಹೊರಡಿಸುವಷ್ಟರಲ್ಲಿ ಸಂಜೆಯಾಗಿತ್ತು.

ಲ್ಯಾಪ್‌ಟಾಪುಗಳು ಊರಿಗೆ ಬಂದಾಗ ನಮಗೆ ಕಷ್ಟವಾದದ್ದು ಅವುಗಳನ್ನು ನಡೆಸುವುದಲ್ಲ, ಅವುಗಳ ಎದುರು ಮಾತಾಡುವುದು. ಅವುಗಳ ಜೊತೆಯಲ್ಲಿ ಬಂದ ಮಾತುಗಳೆಲ್ಲ ಬರೀ ಅಶುಭ. ಹ್ಯಾಂಗ್ ಅಂತೆ, ಡೆಡ್ ಅಂತೆ, ಕ್ರ್ಯಾಶ್ ಅಂತೆ. ನಾವು ನಮ್ಮದೇ ಮಾತು ಕಟ್ಟಿಕೊಂಡೆವು. ಪರದೆ ಅಲುಗಾಡದೆ ನಿಂತರೆ ಧ್ಯಾನಕ್ಕೆ ಕೂತಿದೆ ಎನ್ನುತ್ತೇವೆ. ಪವರ್ ಗುಂಡಿಯನ್ನು ಒತ್ತಿ ಹಿಡಿದು ನಿದ್ದೆಗೆ ಕಳಿಸಿ, ಒಂದು ಲೋಟ ನೀರು ಕುಡಿದು ಬಂದು ಮತ್ತೆ ಎಬ್ಬಿಸುತ್ತೇವೆ. ಬ್ಯಾಟರಿ ಇಳಿದರೆ ಹಸಿದಿದೆ. ತಳ ಕಾದರೆ ಬೆಚ್ಚಗಿದೆ ಎಂದು ಎರಡು ಕರಟದ ಮೇಲೆ ಎತ್ತಿಡುತ್ತೇವೆ, ಕೆಳಗೆ ಗಾಳಿಯಾಡುತ್ತದೆ. ಒಳಗಿನ ಫ್ಯಾನು ಗೊರಗುಟ್ಟಿದರೆ ಸೈಕಲ್ ಪಂಪಿನಿಂದ ಕಿಂಡಿಗೆ ನಾಲ್ಕು ಸಲ ಗಾಳಿ ಹೊಡೆದು ದೂಳು ಹಾರಿಸುತ್ತೇವೆ. ಇಂಟರ್‌ನೆಟ್ ಬಾರದಿದ್ದರೆ ದಾರಿಯಲ್ಲಿದೆ ಎನ್ನುತ್ತೇವೆ, ರೌಟರಿನ ಪ್ಲಗ್ಗು ತೆಗೆದು ಹಾಕಿ ಕಾಯುತ್ತೇವೆ. ಹೆಚ್ಚಿನ ತೊಂದರೆಗಳು ಇಷ್ಟರಲ್ಲೇ ತಾವಾಗಿ ಕೈಬಿಡುತ್ತವೆ. ಸಿದ್ಧಪ್ಪನ ಗುಡಿಯಲ್ಲಿ ದೀಪ ಹಚ್ಚುವುದು ನನ್ನ ಕೆಲಸ. ಎಣ್ಣೆ, ಬತ್ತಿ, ತಾಳ್ಮೆ ಇವಿಷ್ಟೇ ನನಗೆ ಗೊತ್ತಿರುವ ವಿದ್ಯೆ, ಯಂತ್ರಕ್ಕೂ ಬೇಕಾದದ್ದು ಬಹುಮಟ್ಟಿಗೆ ಅದೇ ಎಂದು ಕಂಡುಕೊಂಡೆ.

ಇನ್ನು ನನ್ನ ಅಕ್ಕ ಸಿದ್ಧಗಂಗಮ್ಮ. ಅವಳು ಹೂ ಮಾರುವವಳು, ಆದರೆ ಊರು ಅವಳನ್ನು ಬಲ್ಲದ್ದು ಬೈಗುಳದಿಂದ. ಕೆಟ್ಟ ಮಾತು ಆಡಲಾಗದ ಊರಿನಲ್ಲಿ ಬೈಯುವುದೆಂದರೆ ಹರಸುವುದೇ. ಆ ಕಲೆ ಅವಳಂತೆ ಇನ್ನೊಬ್ಬರಿಗೆ ಒಲಿದಿರಲಿಲ್ಲ. ತೂಕದಲ್ಲಿ ಕೈಚಳಕ ತೋರಿಸಿದ ತರಕಾರಿಯವನಿಗೆ ಒಮ್ಮೆ ಹೇಳಿದಳು: "ನಿನ್ನ ತಕ್ಕಡಿ ಚಿನ್ನದ್ದಾಗಲಿ ಕಣಪ್ಪ. ನಿನ್ನ ಬೆರಳೂ ಚಿನ್ನದ್ದಾಗಲಿ, ಹೇಗೂ ಅದನ್ನೂ ತೂಕಕ್ಕೆ ಇಡ್ತೀಯಲ್ಲ." ಯಾವಾಗಲೂ ತಡವಾಗಿ ಬರುವ ಬಸಲಿಂಗಣ್ಣನಿಗೆ, ಅವನು ಬಸ್‌ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟವನು, "ನಿನಗೆ ನೂರು ವರ್ಷ ಆಯಸ್ಸು ಕೊಡಲಿ ಸಿದ್ಧಪ್ಪ. ಅಷ್ಟಿದ್ರೆ ಒಂದು ಸಲನಾದ್ರೂ ಹೊತ್ತಿಗೆ ಸರಿಯಾಗಿ ಬಂದೀಯ." ತಮ್ಮ ಪರವಾಗಿ ಬೈಯಲಿ ಎಂದು ನೆರೆಹೊರೆಯವರು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು, ಮದುವೆಗೆ ಸೋಬಾನೆಯವರನ್ನು ಕರೆದಂತೆ.

ಆಮೇಲೆ ಅವಳ ಗಂಟಲಲ್ಲಿ ಗಡ್ಡೆ ಎದ್ದಿತು. ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಪ್ರಾಣ ಉಳಿಯಿತು, ದನಿ ಉಳಿಯಲಿಲ್ಲ. ಮಳೆಗಾಲ ಕಳೆದು ಚಳಿ ಬರುವವರೆಗೆ ಅಕ್ಕ ಗೋಡೆ ನೋಡುತ್ತ ಹೂ ಕಟ್ಟಿದಳು. ಆಸ್ಪತ್ರೆಯ ನರ್ಸಮ್ಮ ಒಬ್ಬರು ಬಳಸಿದ ಲ್ಯಾಪ್‌ಟಾಪೊಂದನ್ನು ಕೊಡಿಸಿ, ಅಕ್ಷರ ಒತ್ತಿದರೆ ಅದೇ ಓದಿ ಹೇಳುವಂತೆ ಮಾಡಿಕೊಟ್ಟರು. ಸಪಾಟಾದ ಹೆಣ್ಣುದನಿ. ನಿಲ್ಲಬಾರದ ಕಡೆ ನಿಲ್ಲುತ್ತದೆ, ನಗುವ ಕಡೆ ನಗುವುದಿಲ್ಲ. ಅಕ್ಕ ಒಂದೊಂದೇ ಗುಂಡಿ ಹುಡುಕಿ ಒತ್ತಿದಳು. ಅವಳ ಹೊಸ ಬಾಯಿಂದ ಬಂದ ಮೊದಲ ಮಾತು: "ಮರುಳ. ನಿನ್ನ ಸಾರಿಗೆ. ಉಪ್ಪು ಹೆಚ್ಚಲಿ." ಮರುಳ ಎಂಬುದು ನನ್ನ ಹೆಸರು. ಅಷ್ಟು ತಿಂಗಳೂ ನಾನು ಸಪ್ಪೆ ಸಾರು ಮಾಡಿ ಬಡಿಸಿದ್ದೆ, ಅವಳು ನುಂಗಿದ್ದಳು. ಆ ದಿನ ಗುಡಿಯಲ್ಲಿ ಒಂದು ದೀಪ ಹೆಚ್ಚಾಗಿಯೇ ಹಚ್ಚಿದೆ.

ಆ ಯಂತ್ರವನ್ನು ನಾನು ಹಸುಗೂಸಿನಂತೆ ನೋಡಿಕೊಂಡೆ. ಬೆಲ್ಲದ ಕೈಯಲ್ಲಿ ಒತ್ತಿ ಒತ್ತಿ ಹಕಾರದ ಗುಂಡಿ ಅಂಟಿಕೊಂಡಾಗ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಸುತ್ತ ಒರೆಸಿದೆ. ಆದರೂ ಅದನ್ನು ಉಳಿದವುಗಳಿಗಿಂತ ಬಲವಾಗಿ ಒತ್ತಬೇಕಾಗುತ್ತಿತ್ತು. ಚಾರ್ಜರಿನ ಪಿನ್ನು ಸಡಿಲವಾದಾಗ ತೆಂಗಿನ ನಾರಿನ ಸಣ್ಣ ಉಂಡೆ ಕೊಟ್ಟು ನಿಲ್ಲಿಸಿದೆ. ಆ ನಾರೂ ನಿಲ್ಲದಾದ ದಿನ ದಯಾಕರನನ್ನು ಕರೆದೆ. ನಾನೇ ಕರೆದೆ.

ದಯಾಕರ ಹೊರಗಿನವನು. ಬಸ್‌ಸ್ಟ್ಯಾಂಡಿನಲ್ಲಿ ರಿಪೇರಿ ಅಂಗಡಿ ತೆರೆದು ಆಗಲೇ ಕೆಲವು ತಿಂಗಳಾಗಿತ್ತು. ಒಗೆದ ಅಂಗಿ, ಮೆತ್ತನೆಯ ಮಾತು. ಊರಿನ ರೀತಿಯನ್ನು ಮೊದಲ ದಿನವೇ ಹೇಳಿಕೊಟ್ಟಿದ್ದೆವು. ಶ್ರದ್ಧೆಯಿಂದ ತಲೆಯಾಡಿಸಿ "ಎಂಥಾ ಒಳ್ಳೇ ಊರು" ಎಂದಿದ್ದ. ಆದರೆ ಅವನು ಬಂದ ಮೇಲೆ ಮನೆಮನೆಯಲ್ಲೂ ಯಂತ್ರಗಳು ಕಣ್ಣು ಮುಚ್ಚತೊಡಗಿದವು. ಅವನು ಸಣ್ಣ ತೊಂದರೆಗೆಂದು ಬರುತ್ತಿದ್ದ, ನೋಡುತ್ತಿದ್ದ, ಯಂತ್ರ ಕಪ್ಪಾಗುತ್ತಿತ್ತು. "ವಯಸ್ಸಾಗಿತ್ತು, ಪಾಪ. ಹೊಸದು ತರಿಸಿಕೊಡ್ತೀನಿ" ಎನ್ನುತ್ತಿದ್ದ. ನಾವು ನಮ್ಮನ್ನೇ ಅನುಮಾನಿಸಿಕೊಂಡೆವು. ಯಾರ ಬಾಯಿ ತಪ್ಪಿತು, ಯಾವ ಹೊತ್ತಿನಲ್ಲಿ ಏನಂದೆವು ಎಂದು ಜನ ಗುಡಿಗೆ ಬಂದು ಕೆನ್ನೆ ಬಡಿದುಕೊಂಡರು. ಬಸಲಿಂಗಣ್ಣ ಸೋಮವಾರಗಳು ಉಪವಾಸ ಹಿಡಿದ. ಮಾಡಿದವನು ಅವನು, ಕೆನ್ನೆ ಊದಿದ್ದು ನಮ್ಮದು.

ನಮ್ಮ ಮನೆಗೆ ಬಂದ ದಿನ ಅವನು ಚಾಪೆಯ ಮೇಲೆ ಕೂತು, ಪಿನ್ನು ನೋಡಿ, ಆಮೇಲೆ ಯಂತ್ರದ ಮೇಲೆ ಹಣೆ ತಾಗುವಷ್ಟು ಬಗ್ಗಿದ. ತುಟಿ ಅಲುಗಿತು. ಕೆಲಸಕ್ಕೆ ಮುಂಚೆ ನಮಸ್ಕಾರ ಮಾಡುತ್ತಿದ್ದಾನೆ ಎಂದುಕೊಂಡು ನಾನೂ ಕೈಮುಗಿದೆ. ಕಣ್ಣು ಬಿಟ್ಟಾಗ ಪರದೆ ಕಪ್ಪಾಗಿತ್ತು.

"ಅಯ್ಯೋ ಪಾಪ" ಎಂದ ದಯಾಕರ. "ಅಮ್ಮನೋರ ಹಣೇಲಿ ಬರೆದಿಲ್ಲ ಅಂತ ಕಾಣುತ್ತೆ ಅಯ್ನೋರೇ. ಹೊಸದಕ್ಕೆ ಹೇಳಿಬಿಡ್ಲಾ?"

ಅಕ್ಕ ಎದ್ದು ನಿಂತಿದ್ದಳು. ಮಡಿಲಲ್ಲಿದ್ದ ಮಲ್ಲಿಗೆ ನೆಲಕ್ಕೆಲ್ಲ ಚೆಲ್ಲಿತು. ಅವನ ಬಾಯಿಯತ್ತ ಬೆರಳು ತೋರಿಸಿ, ತನ್ನ ಬಾಯಿಯನ್ನು ದೊಡ್ಡದಾಗಿ ತೆರೆದು ಏನೋ ಮಾಡಿ ತೋರಿಸುತ್ತಿದ್ದಳು. ನನಗೆ ತಿಳಿಯಲಿಲ್ಲ. ಯಂತ್ರ ಹೋದ ದುಃಖ ಎಂದುಕೊಂಡೆ. ದಯಾಕರನಿಗೆ ಪ್ರಸಾದದ ಬಾಳೆಹಣ್ಣು ಕೊಟ್ಟು, ಬಾಗಿಲವರೆಗೂ ಬಂದು "ಹೋಗಿ ಬನ್ನಿ" ಎಂದೆ. ಒಳಗೆ ಬಂದಾಗ ಅಕ್ಕ ನನ್ನ ಗಲ್ಲ ಹಿಡಿದು, ನನ್ನ ಮುಖವನ್ನು ತನ್ನ ಬಾಯಿಯ ನೇರಕ್ಕೆ ತಂದು, ನಿಧಾನವಾಗಿ ಮತ್ತೆ ಮಾಡಿ ತೋರಿಸಿದಳು. ತುಟಿ ದುಂಡಗಾಯಿತು, ಅಗಲವಾಯಿತು, ಮತ್ತೆ ಮುಂದಕ್ಕೆ ಬಂತು. ಹೋ. ಯ್. ತು. ದನಿ ಹೋದಂದಿನಿಂದ ಅವಳು ಎಲ್ಲರ ತುಟಿಯನ್ನೇ ನೋಡುತ್ತಿದ್ದಳು. ದಯಾಕರನ ತುಟಿಯನ್ನೂ ನೋಡಿದ್ದಳು.

ಗುಡಿಯಲ್ಲಿ ದೀಪ ಹಚ್ಚುವವನಿಗೆ ಸಿಟ್ಟು ಬರಬಾರದಂತೆ. ಬಂತು. ಯಂತ್ರಗಳನ್ನು ಕೆಡಿಸಿದ್ದಕ್ಕೆ ಒಂದು ಪಾಲು. ನಾನು ಕೈಮುಗಿದದ್ದಕ್ಕೆ ಮೂರು ಪಾಲು. ನಮ್ಮ ನಯವನ್ನೇ ಹತಾರ ಮಾಡಿಕೊಂಡಿದ್ದ ಅವನು. ನಾವು ಮಾತಿಗೆ ಹೆದರುತ್ತೇವೆ ಎಂದು ತಿಳಿದು, ಅದೇ ಮಾತನ್ನು ಒಬ್ಬ ಮೂಗಿಯ ಬಾಯಿಗೆ ಊದಿದ್ದ.

ಮರುದಿನ ಬೆಳಿಗ್ಗೆ ಗುಡಿಯ ಜಗಲಿಯಲ್ಲಿ ಯಂತ್ರ ಕಪ್ಪಾದವರೆಲ್ಲ ಸೇರಿದರು. ಬಸಲಿಂಗಣ್ಣ ತೋಳು ಮಡಚುತ್ತಲೇ ಬಂದ. "ಹಿಡಿದು ನಾಲ್ಕು ಬಿಟ್ರೆ ಎಲ್ಲಾ ಸರಿಯಾಗುತ್ತೆ."

"ನೀನು ಬಿಡೋದು ಬಾಯಿಗೇ ತಾನೆ" ಎಂದರು ತೋಟಪ್ಪನವರು. "ಬಂತು ಅನ್ನೋದು ಆ ಬಾಯಿಂದಲೇ ಆಗಬೇಕು. ಹಲ್ಲಿಲ್ಲದೆ ಅದನ್ನು ಹೇಳೋ ಕಷ್ಟ ನನಗೆ ಗೊತ್ತಪ್ಪ, ನಿನಗೆ ಗೊತ್ತಿಲ್ಲ."

"ಹಾಗಾದ್ರೆ ಕಾಲು ಹಿಡಿದು ಕೇಳೋಣ" ಎಂದೆ ನಾನು. ಅಕ್ಕ ನನ್ನ ಕಡೆ ನೋಡಿದಳು. ಆ ನೋಟಕ್ಕೆ ದನಿಯ ಅಗತ್ಯವಿರಲಿಲ್ಲ. ಆಮೇಲೆ ಅವಳು ಎಲ್ಲರ ನಡುವೆ ಬಂದು ತೋರುಬೆರಳನ್ನು ಮೇಲೆತ್ತಿ ಫ್ಯಾನಿನಂತೆ ತಿರುಗಿಸಿದಳು. ನಿಲ್ಲಿಸಿದಳು. ಸೆರಗಿನಿಂದ ಹಣೆ, ಕತ್ತು ಒರೆಸಿಕೊಂಡಳು, ದಯಾಕರನ ಹಾಗೆ ಮೆತ್ತಗೆ, ಇಲ್ಲದ ಅಂಗಿಯ ಕಾಲರು ಬಿಡಿಸಿಕೊಳ್ಳುತ್ತ. ಬೆರಳು ಮತ್ತೆ ತಿರುಗಿತು. ಮುಖ ಮೇಲೆತ್ತಿ, ಸುಖಪಟ್ಟವಳಂತೆ ಕಣ್ಣು ಮುಚ್ಚಿ, ತುಟಿಯಲ್ಲೇ ಒಂದು ಮಾತಾಡಿದಳು. ತೋಟಪ್ಪನವರಿಗೆ ಮೊದಲು ಹೊಳೆಯಿತು. ನಕ್ಕ ರಭಸಕ್ಕೆ ಹಲ್ಲಿನ ಸೆಟ್ಟನ್ನು ಕೈಯಿಂದ ಹಿಡಿದುಕೊಳ್ಳಬೇಕಾಯಿತು.

ದಯಾಕರನಿಗೆ ಸನ್ಮಾನ ಎಂದು ಹೇಳಿ ಕಳಿಸಿದೆವು, ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟದ ಜೊತೆ. ಬಿರುಬೇಸಗೆ. ಮಂಚದ ಮೇಲೆ ದಪ್ಪ ಜಮಖಾನ ಹಾಸಿ ಅಂಚನ್ನು ನೆಲದವರೆಗೂ ಇಳಿಬಿಟ್ಟೆವು. ಮಂಚದ ಕೆಳಗೆ ಊರಿನ ಕಪ್ಪಾದ ಯಂತ್ರಗಳೆಲ್ಲ ಒಂದರ ಪಕ್ಕ ಒಂದು ಮಲಗಿದ್ದವು, ಅಕ್ಕನದು ಎಲ್ಲಕ್ಕಿಂತ ಮುಂದೆ. ಹಾರವನ್ನು ಅಕ್ಕನೇ ಕಟ್ಟಿದಳು. ಅಷ್ಟು ಬಿಗಿಯಾದ ಗಂಟುಗಳನ್ನು ಅವಳು ಎಂದೂ ಹಾಕಿರಲಿಲ್ಲ, ದಾರ ಅವಳ ಬೆರಳನ್ನು ಕೊಯ್ದಿತ್ತು.

ಅವನು ಬಂದ. ಮಂಚದ ಮೇಲೆ ಕೂರಿಸಿ ಎದುರಿಗೆ ಸ್ಟೂಲಿಟ್ಟು ಎಲೆ ಹಾಕಿದೆವು. ಉಣ್ಣೆಯ ಶಾಲು ಹೊದಿಸಿದೆವು, ಹಾರ ಹಾಕಿದೆವು. ಎರಡನೆಯ ಹೋಳಿಗೆ ಎಲೆಗೆ ಬಿದ್ದಾಗ ನಾನು ಹಿತ್ತಿಲ ಕಡೆ ಹೋಗಿ ಫ್ಯೂಸು ಕಿತ್ತೆ. ಫ್ಯಾನು ನಿಧಾನವಾಗಿ ನಿಂತಿತು.

"ಕರೆಂಟ್ ಹೋಯ್ತಾ?" ಎಂದ ದಯಾಕರ. ಊರಿನಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಎಲ್ಲರೂ ಎಲೆ ನೋಡಿದರು.

"ಬರುತ್ತೆ, ಬರುತ್ತೆ" ಎಂದ ಬಸಲಿಂಗಣ್ಣ. "ಶಾಲು ತೆಗೀಬೇಡಿ ಸ್ವಾಮಿ, ಊಟ ಮುಗಿಯೋವರೆಗೂ ತೆಗೀಬಾರ್ದು, ಅದು ನಮ್ಮ ಪದ್ಧತಿ. ಇನ್ನೊಂದು ಹಾಕಿಸಿಕೊಳ್ಳಿ."

ಅವನು ಬೆವೆತ. ಗಲ್ಲದಿಂದ ಬೆವರು ಹಾರದ ಮೇಲೆ ತೊಟ್ಟಿಕ್ಕಿತು. ಕಿಟಕಿಯ ಸಂದಿಯಿಂದ ನೋಡುತ್ತ ನಾನು ಕಾದೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಾದೆ, ಸಿದ್ಧಪ್ಪ ಕ್ಷಮಿಸಲಿ. ಆಮೇಲೆ ಫ್ಯೂಸು ಸಿಕ್ಕಿಸಿದೆ. ಮೊದಲ ಗಾಳಿ ತಾಗಿದ್ದೇ ಅವನು ಮುಖವನ್ನು ಮೇಲಕ್ಕೆತ್ತಿ ಕಣ್ಣು ಮುಚ್ಚಿದ.

"ಅಬ್ಬಾ" ಎಂದ. "ಬಂತು."

ಮಂಚದ ಕೆಳಗೆ ಒಂದು ಯಂತ್ರ ಕುಯ್ ಎಂದು ಎದ್ದಿತು. ಇನ್ನೊಂದು ಎದ್ದಿತು. ಆಮೇಲೆ ಎಲ್ಲವೂ, ಬೆಳಗಿನ ಹಕ್ಕಿಗಳ ಹಾಗೆ. ಜಮಖಾನದ ಅಂಚಿನಿಂದ ಬೆಳಕು ಸೋರಿತು. ದಯಾಕರ ಕಾಲನ್ನು ಮಂಚದ ಮೇಲೆ ಎಳೆದುಕೊಂಡ.

ಆಗ ಅವನು ನಾಚಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾವು ಕ್ಷಮಿಸುವುದಕ್ಕೆ ಬೇಗ ಒಪ್ಪುವ ಜನ. ಅವನು ಬಾಯಲ್ಲಿದ್ದ ಹೋಳಿಗೆಯನ್ನು ಪೂರ್ತಿ ಅಗಿದು ನುಂಗಿದ. ಸನ್ಮಾನದ ಶಾಲಿಗೆ ಕೈ ಒರೆಸಿದ. "ಬುದ್ಧಿವಂತರೇ ಕಣ್ರಪ್ಪ ನೀವು" ಎಂದು ನಕ್ಕ. "ಸರಿ, ಈ ಸಲ ನಿಮ್ಮದು. ಆದ್ರೆ ಯಂತ್ರ ಅಂದ್ಮೇಲೆ ಏನಾದ್ರೂ ಒಂದು ಬಂದೇ ಬರುತ್ತಲ್ಲ. ನಾನಲ್ದೆ ಇನ್ಯಾರಿದ್ದಾರೆ ನಿಮಗೆ? ನಾಳೆ ಎಂದಿನ ಹಾಗೆ ಅಂಗಡಿ ತೆಗೀತೀನಿ. ಬರ್ತೀನಿ."

ಮನೆ ತುಂಬ ಕೂತಿದ್ದವರು, ಹಲ್ಲು ಕಚ್ಚಿಕೊಂಡವರು, ಮುಷ್ಟಿ ಬಿಗಿದವರು, ಒಕ್ಕೊರಲಿನಿಂದ "ಹೋಗಿ ಬನ್ನಿ" ಎಂದರು.

ಬಾಯಿಗೆ ಬಂದದ್ದು ಅದೊಂದೇ. ನಮ್ಮಲ್ಲಿ ಬೀದಿ ದಾಟುವ ಮಗುವಿಗೂ ಹೋಗಿ ಬಾ ಎನ್ನುತ್ತೇವೆ. ಬಾ ಸೇರಿಸದೆ ಒಬ್ಬ ಮನುಷ್ಯನಿಗೆ ಬರೀ ಹೋಗು ಎಂದವರು ಹಿರಿಯರ ನೆನಪಿನಲ್ಲೂ ಇಲ್ಲ. ಹಾಗೆ ಅನ್ನಿಸಿಕೊಂಡವನು ಬಾ ಅನ್ನಿಸಿಕೊಳ್ಳದೆ ಊರಿನ ಅಗಸೆ ಬಾಗಿಲು ದಾಟಿದರೆ, ಆಮೇಲೆ ಯಾವ ಬಾಗಿಲೂ ಅವನಿಗೆ ಬಾ ಅನ್ನುವಂತಿಲ್ಲ ಎಂಬುದು ಮಾತ್ರ ಎಲ್ಲರಿಗೂ ಗೊತ್ತು. ನಾನು ಪ್ರಯತ್ನಿಸಿದೆ. ಇದನ್ನು ನೀವು ನಂಬಬೇಕು. ಹೊಸ್ತಿಲ ಬಳಿ ಅವನ ಎದುರು ನಿಂತು, ಬೆನ್ನೆಲುಬಿನವರೆಗೆ ಉಸಿರೆಳೆದು "ಹೋ" ಎಂದೆ. ನಾಲಗೆ 'ಗು' ಕಡೆಗೆ ತಿರುಗಲೇ ಇಲ್ಲ. "ಗಿ ಬನ್ನಿ" ಎಂದು ತಾನೇ ಮುಗಿಸಿತು. ದಯಾಕರ ನನ್ನ ಭುಜ ತಟ್ಟಿದ. "ಅದಕ್ಕೇ ಅಯ್ನೋರೇ, ನಾನು ಹೇಳೋದು. ಎಂಥಾ ಒಳ್ಳೇ ಊರು."

ಆಗ ಹಿಂದಿನಿಂದ ಗುಂಡಿಯೊಂದನ್ನು ಬಲವಾಗಿ ಒತ್ತಿದ ಶಬ್ದ ಕೇಳಿತು. ಹಕಾರದ ಗುಂಡಿ. ಅಕ್ಕ ಯಂತ್ರವನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಿದ್ದಳು.

"ಹೋಗು" ಎಂದಿತು ಯಂತ್ರ.

ಅಷ್ಟೇ. ಏರಿಲ್ಲ, ಇಳಿವಿಲ್ಲ. ದಯಾಕರ ಒಂದು ಕಾಲು ಹೊಸ್ತಿಲಾಚೆ ಇಟ್ಟು ತಲೆ ವಾರೆ ಮಾಡಿ ನಿಂತ. ಇಷ್ಟು ತಿಂಗಳು ನಮ್ಮ ನಡುವೆ ಇದ್ದು ಅವನ ಕಿವಿಯೂ ನಮ್ಮದರಂತಾಗಿತ್ತು, ಅದು ಉಳಿದ ಅರ್ಧಕ್ಕೆ ಕಾಯುತ್ತಿತ್ತು. ಅರ್ಧ ಬರಲಿಲ್ಲ. ಅವನ ಮುಖದಿಂದ ನಗು ಮೊದಲ ಸಲ ಇಳಿಯಿತು. ಮೆಟ್ಟಿಲಿಳಿದ.

ಅಕ್ಕನ ತೊಡೆಯ ಮೇಲೆ ಪರದೆ ಅಂಚಿನಿಂದ ಮಂಕಾಗತೊಡಗಿದ್ದನ್ನು ಆಗ ನೋಡಿದೆ. ಮಾತು ಹೊರಟ ಬಾಯಿಗೆ ಅತಿ ಹತ್ತಿರವಿದ್ದ ವಸ್ತು ಆ ಬಾಯಿಯೇ.

"ಗಂಗಮ್ಮ, ಬಾ ಅನ್ನಿಸು" ಎಂದರು ತೋಟಪ್ಪನವರು. "ಬೇಗ ಅನ್ನಿಸವ್ವ. ಪೂರ್ತಿ ಕಪ್ಪಾದ್ರೆ ಅನ್ನೋದಕ್ಕೆ ಬಾಯೇ ಇರಲ್ಲ."

ಪರದೆಯ ಮೇಲೆ 'ಬಾ' ಆಗಲೇ ಬರೆದಿತ್ತು. ಓದಿಸುವ ಗುಂಡಿಯ ಮೇಲೆ ಅವಳ ಬೆರಳಿತ್ತು, ಒತ್ತಲಿಲ್ಲ. ಅವನು ಅಗಸೆ ದಾಟುವ ಮುಂಚೆ ಬಾ ಅಂದರೂ ಬಂತು ಅಂದರೂ ಹೋಗಿ ಬಾ ಪೂರ್ತಿಯಾಗುತ್ತದೆ, ನಾಳೆ ಅವನ ಅಂಗಡಿ ತೆರೆಯುತ್ತದೆ. ಅಕ್ಕ ನನ್ನನ್ನು ನೋಡಿ ಗಲ್ಲದಿಂದ ಅಗಸೆಯ ದಿಕ್ಕು ತೋರಿಸಿ, ಎಡಗೈಯಿಂದ ಹಗ್ಗ ಎಳೆದಂತೆ ಮಾಡಿದಳು. ಅಗಸೆಯ ಪಕ್ಕದಲ್ಲೇ ಸಿದ್ಧಪ್ಪನ ಗುಡಿ. ಅವನು ದಾಟಿದ ಕ್ಷಣ ಗಂಟೆ ಬಾರಿಸು ಎಂದರ್ಥ. ನಾನು ಚಪ್ಪಲಿ ಮೆಟ್ಟದೆ ಹೊರಟೆ.

ಅವನಷ್ಟು ನಿಧಾನವಾಗಿ ನಡೆಯುವ ಮನುಷ್ಯನನ್ನು ನಾನು ಕಂಡಿಲ್ಲ. ನಾಲ್ಕು ಹೆಜ್ಜೆ ಇಡುತ್ತಾನೆ, ನಿಲ್ಲುತ್ತಾನೆ, ಹಿಂದಕ್ಕೆ ಕಿವಿಗೊಡುತ್ತಾನೆ. ಕೊರಳಲ್ಲಿ ಹಾರ ಹಾಗೇ ಇತ್ತು. ಬಸಲಿಂಗಣ್ಣನ ಹೋಟೆಲಿನ ಮುಂದೆ ನಿಂತು ನೀರು ಕೇಳಿದ. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಹೆಂಗಸು ಕೊಟ್ಟಳು, ಕೂತ್ಕೊಳ್ಳಿ ಎನ್ನಲಿಲ್ಲ. ಹಾರವನ್ನು ಬಿಚ್ಚಲು ನೋಡಿದ, ಗಂಟು ಬಿಡಲಿಲ್ಲ. ಅಂಗಡಿಗೆ ಹೋಗಿ ಚೀಲ ತೆಗೆದುಕೊಂಡ, ಬಾಗಿಲು ಹಾಕಿದ, ಮತ್ತೆ ತೆಗೆದು ಏನನ್ನೋ ನೋಡಿದ. ಅಲ್ಲಿ ಅಕ್ಕನ ಪರದೆ ಎಷ್ಟು ಉಳಿದಿದೆಯೋ. ನನ್ನ ಕೈ ಅವನ ಬೆನ್ನಿನವರೆಗೂ ಹೋಗಿ ಬಂತು. ತಳ್ಳಲಿಲ್ಲ. ಸಿದ್ಧಪ್ಪ, ಸಿದ್ಧಪ್ಪ ಎಂದು ಜಪಿಸುತ್ತ ಹಿಂದೆ ನಡೆದೆ, ಅದು ಜಪದ ಹಾಗೆ ಕೇಳುತ್ತಿರಲಿಲ್ಲ. ಅಗಸೆಯ ಕಲ್ಲಿನ ಬಳಿ ಅವನು ತಿರುಗಿ ನನ್ನ ಮುಖವನ್ನೇ ನೋಡಿದ.

"ಅಯ್ನೋರೇ" ಎಂದ. "ನೀವಾದ್ರೂ ಅನ್ನಿ."

ನನ್ನ ಬಾಯಿ ತೆರೆಯಿತು. ಅದರ ಚಾಳಿ ಅದಕ್ಕೆ. ಎರಡೂ ಕೈಯಿಂದ ಅದನ್ನು ಮುಚ್ಚಿಕೊಂಡು ನಿಂತೆ, ಅವನು ತಿರುಗಿ ಅಗಸೆ ದಾಟಿ, ಹಾರ ತೊಟ್ಟ ಬೆನ್ನು ರಸ್ತೆಯ ತಿರುವಿಗೆ ಮರೆಯಾಗುವವರೆಗೂ.

ಗಂಟೆಯನ್ನು ಅಷ್ಟು ಜೋರಾಗಿ ಹಬ್ಬದಲ್ಲೂ ಬಾರಿಸಿರಲಿಲ್ಲ. ಬಾರಿಸಿ ಓಡಿದೆ. ಈ ಮೊಣಕಾಲಿನ ನಡಿಗೆಗೆ ಓಟ ಎಂದು ಹೆಸರಿಡುವುದಾದರೆ ಓಡಿದೆ. ಬೀದಿಯ ಇಕ್ಕೆಲದ ಬಾಗಿಲುಗಳಲ್ಲಿ ಜನ ನಿಂತಿದ್ದರು, ಯಾರಿಗೂ ಏನೂ ಗೊತ್ತಿರಲಿಲ್ಲ. ನಮ್ಮ ಮನೆಯ ಬಾಗಿಲು ಮುಂದೆ ಮಾಡಿತ್ತು. ಒಳಗೆ ಅಷ್ಟು ಜನರಿದ್ದರೂ ಪಿಟ್ಟೆಂಬ ಸದ್ದಿರಲಿಲ್ಲ. ತಳ್ಳಲು ಕೈ ಎತ್ತಿದೆ, ಆಗಲಿಲ್ಲ. ಹಣೆಯನ್ನು ಬಾಗಿಲಿಗೆ ಆನಿಸಿ ನಿಂತೆ.

ಆಗ ಒಳಗಿನಿಂದ, ಬಾವಿಯ ತಳದಿಂದ ಕೊಡ ಮೇಲೆ ಬಂದ ಹಾಗೆ, ನಿಲ್ಲಬಾರದ ಕಡೆಯಲ್ಲೆಲ್ಲ ನಿಲ್ಲುತ್ತ ಆ ಸಪಾಟು ದನಿ ಬಂತು:

"ಮರುಳ. ನಿನಗೆ ಇನ್ನೂ. ಎರಡು ಕಾಲು. ಹೆಚ್ಚಲಿ. ಇರೋ ಎರಡನ್ನ ತೊಳ್ಕೊಂಡು. ಒಳಗೆ ಬಾ."